ಕಾಲು ತಣಿಸುವ ಕಲ್ಲು

ಈ ಚಳಿಗಾಲದಲ್ಲಿ ಅಪ್ಪನ ಮೊಣಕಾಲು ನೋವು ಹೆಚ್ಚಾಯಿತು. ರಾಯಚೂರಿನ ನಮ್ಮ ಮನೆಯಿಂದ ಆಸ್ಪತ್ರೆ ದೂರವೇನಲ್ಲ. ಆದರೂ ಆಟೊ ಮಾಡಿಕೊಂಡು, ಅಪ್ಪನ ಕೋಲು ನಾನು ಹಿಡಿದುಕೊಂಡು, ನನ್ನ ಚೀಲ ಅಪ್ಪ ಹಿಡಿದುಕೊಂಡು ಹೋದೆವು. ಅಲ್ಲಿದ್ದ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಷ್ಟಿರಬಹುದು. ಧೋತರ ಮೇಲೆ ಸರಿಸಿ ಮೊಣಕಾಲು ಒತ್ತಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಕೆಳಗಿಳಿದು ಪಾದದ ಗಂಟಿನ ಹತ್ತಿರದ ಹಳೆಯ ಕಲೆಯ ಮೇಲೆ ನಿಂತಿತು.

"ಇದೇನ್ರೀ ಅಜ್ಜಾರ, ಈ ಕಲಿ? ಸುಟ್ಟಿತ್ತೇನು?"

"ಸುಟ್ಟದ್ದಲ್ಲವ್ವ. ನಾರುಹುಣ್ಣು."

ಹುಡುಗಿ ಒಂದು ಗಳಿಗೆ ಅಪ್ಪನ ಮುಖ ನೋಡಿದಳು. "ಖರೇನ?" ಎಂದವಳೇ ಎದ್ದು ಪಕ್ಕದ ಕೋಣೆಗೆ ಮುಖ ಹಾಕಿ ಕೂಗಿದಳು. "ಲಗೂ ಬರ್ರಿ ಇಲ್ಲೆ. ನಾವು ಪುಸ್ತಕದಾಗ ಓದಿದ್ದು ಇಲ್ಲಿ ಕುರ್ಚಿ ಮ್ಯಾಲ ಕುಂತದ!"

ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರೆಲ್ಲ ಬಂದು ಸುತ್ತ ನಿಂತರು. ಅಪ್ಪನಿಗೆ ಹಾರ ಹಾಕಿ ಕೂರಿಸಿದಷ್ಟು ಖುಷಿ. ಒಬ್ಬ ಹುಡುಗ ಫೋಟೊ ತೆಗೆಯಲೇ ಎಂದು ಕೇಳಿದ. ಅಪ್ಪ ಧೋತರದ ನೆರಿಗೆ ಸರಿ ಮಾಡಿಕೊಂಡು, "ಮಾರಿ ಬ್ಯಾಡಪ್ಪ, ಎರಡ ದಿನ ಆತು ದಾಡಿ ಮಾಡಿಲ್ಲ. ಕಾಲಷ್ಟ ತಗಿ" ಎಂದ. ನೋವು ಕೇಳಲು ಹೋದವರು ನೋವು ಮರೆತು ಕೂತಿದ್ದೆವು. ಡಾಕ್ಟರಮ್ಮ ಕೇಳಿದಳು, "ಹ್ಯಾಂಗ ಹೋತ್ರಿ ಅದು ನಿಮ್ಮೂರಿಂದ?"

"ನಮ್ಮಪ್ಪ ಹಾಸಿದ ಒಂದು ಕಲ್ಲು ನಾ ಕಿತ್ತಿದ್ದೆವ್ವ. ಆಮ್ಯಾಲ ಹೋತು."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ವಾಪಸ್ಸು ಬರುವಾಗ ಆಟೊ ಸ್ಟೇಷನ್ ರಸ್ತೆಗೆ ತಿರುಗಿದಾಗ ಅಪ್ಪ, "ಆ ಹುಡುಗಿಗೆ ಪೂರಾ ಹೇಳಬೇಕಿತ್ತು" ಎಂದ. ಪೂರಾ ಹೇಳಲು ಅಲ್ಲಿ ಹೊತ್ತೆಲ್ಲಿತ್ತು? ಹೊರಗೆ ಸಾಲು ಕಾಯುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ದೇವದುರ್ಗ ತಾಲೂಕಿನದು. ಮಸರಕಲ್ ದಾಟಿ ಗೂಗಲ್ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಹೋಗಬೇಕು. ಕೃಷ್ಣೆ ಹತ್ತಿರವೇ ಹರಿಯುತ್ತಿದ್ದರೂ ನಮ್ಮ ಕೊಡದವರೆಗೆ ಬರುತ್ತಿರಲಿಲ್ಲ. ಊರು ಕುಡಿಯುತ್ತಿದ್ದದ್ದು ಪಾವಟಿಗೆ ಬಾವಿಯ ನೀರು. ಮೇಲಿನಿಂದ ನೀರಿನವರೆಗೂ ಕಲ್ಲಿನ ಪಾವಟಿಗೆ ಇಳಿದು ಹೋಗಿ, ನೀರಲ್ಲೇ ನಿಂತು, ಬಗ್ಗಿ ಕೊಡ ತುಂಬಿಕೊಂಡು ಬರುವ ಬಾವಿ. ಆ ಪಾವಟಿಗೆಗಳನ್ನು ಹಾಸಿದವರು ನಮ್ಮ ಮುತ್ಯಾ, ಅಪ್ಪನ ತಂದೆ. ನಮ್ಮದು ಗೌಂಡಿ ಕೆಲಸದ ಮನೆ. ಕಲ್ಲು ಒಡೆಯುವುದು, ಹೊರುವುದು, ಕಟ್ಟುವುದು ಬಿಟ್ಟು ಬೇರೆ ಗೊತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಮುತ್ಯಾ ತೀರಿಕೊಂಡಿದ್ದರು. ಅವರದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಹಾಗಾಗಿ ಮುತ್ಯಾ ಎಂದರೆ ನನಗೆ ಬಾವಿಯ ಆ ಕಲ್ಲುಗಳೇ. ಯಾವುದಾದರೂ ಪಾವಟಿಗೆಯಲ್ಲಿ ಉಳಿ ಹೊಡೆದ ಗುರುತು ಅಂಗಾಲಿಗೆ ತಾಗಿದರೆ ಇದು ಮುತ್ಯಾನ ಕೈ ಎಂದುಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ಕೆಳಗಿನ ಕಲ್ಲು ಮಾತ್ರ ಉಳಿದವುಗಳ ಹಾಗಿರಲಿಲ್ಲ. ಮಲಗುವ ಹೊರಸಿನಷ್ಟು ಅಗಲ. ಬೇಸಿಗೆಯಲ್ಲಿ ನೀರು ಇಳಿದಾಗಷ್ಟೇ ಕಾಣುತ್ತಿತ್ತು. ಅದರ ಮೇಲೆ ಕುಳಿತರೆ ಪಾದಗಳು ಸರಿಯಾಗಿ ನೀರಿಗೆ ಮುಟ್ಟುತ್ತಿದ್ದವು. ಅದು ನಾರುಹುಣ್ಣಿನವರ ಕಲ್ಲು.

ನಾರುಹುಣ್ಣು ಎಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತಿತ್ತು. ಕೆಂಡ ಇಟ್ಟಂಥ ಉರಿ. ಬೊಬ್ಬೆ ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳದ ತುದಿ ಇಣುಕುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೊಂದಿಷ್ಟು ಮೆಲ್ಲಗೆ ಎಳೆದು ಕಟ್ಟಬೇಕು. ಅವಸರ ಮಾಡಿದರೆ ಹರಿಯುತ್ತಿತ್ತು, ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ಹುಳ ಪೂರ್ತಿ ಹೊರಗೆ ಬರುವತನಕ ದುಡಿಯುವ ಮನುಷ್ಯ ಹೊರಸಿನ ಮೇಲೆ. ಬಿತ್ತುವ ಕಾಲ ಹತ್ತಿರ ಬಂದಾಗಲೇ ಅದೂ ಬರುತ್ತಿತ್ತು. ಊರಲ್ಲಿ ಹುಳ ಸುತ್ತಿದ ಕಡ್ಡಿ ಕಾಲಿಗೆ ಕಟ್ಟಿಕೊಂಡು ಅಂಗಳದಲ್ಲಿ ಕೂತವರನ್ನು ನೋಡಿ ಯಾರೂ ಬೆಚ್ಚುತ್ತಿರಲಿಲ್ಲ. ಮಳೆ ಯಾವಾಗ ಬಂದೀತು ಎಂದು ಕೇಳುವ ಹಾಗೆಯೇ "ನಾರು ಎಷ್ಟು ಬಂತು?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಬಾವಿ ಕಟ್ಟುವ ವರ್ಷ ಮುತ್ಯಾನಿಗೂ ನಾರುಹುಣ್ಣು ಆಗಿತ್ತಂತೆ. ಈ ಮಾತು ಹೇಳುತ್ತಿದ್ದವಳು ಆಯಿ, ಅಪ್ಪನ ತಾಯಿ. "ನಿಮ್ಮ ಮುತ್ಯಾಗ ಆ ಉರಿ ಗೊತ್ತಿತ್ತು. ಅದಕ್ಕ ಆ ಕಲ್ಲು ಹಾಸ್ಯಾನ. ಯಾರ ಬಂದ್ರೂ ಕುಂತು ಕಾಲು ತಣಸ್ಕೊಳ್ಳಿ ಅಂತ." ಗಂಡ ಹಾಸಿದ ಕಲ್ಲಿಗೆ ಆಯಿಯೇ ಯಜಮಾನಿ. ಕುಂಟುತ್ತ ಬಂದವರ ರಟ್ಟೆ ಹಿಡಿದು ತಾನೇ ಕೆಳಗಿಳಿಸುತ್ತಿದ್ದಳು. ಬೇರೆ ಊರಿನಿಂದ ಬಂಡಿ ಕಟ್ಟಿಕೊಂಡು ಬರುವವರೂ ಇದ್ದರು. ಕಲ್ಲಿನ ಮೇಲೆ ಕೂರಿಸಿ, ಕಾಲು ನೀರಿಗೆ ಬಿಡಿಸಿ, ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ಕೊಟ್ಟು ಕೇಳುತ್ತಿದ್ದಳು.

"ತಣ್ಣಗಾತೇನೋ ಯಪ್ಪಾ?"

"ತಣ್ಣಗಾತ ಯವ್ವಾ. ಜೀವ ಬಂತು ನೋಡು."

ಅವರ ಮುಖದ ಮೇಲೆ ಆಗ ಬರುತ್ತಿದ್ದ ನೆಮ್ಮದಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಆಯಿ ಅವರ ಪಕ್ಕದಲ್ಲೇ ಬಗ್ಗಿ ತನ್ನ ಕೊಡ ತುಂಬಿಕೊಂಡು ಮೇಲೆ ಬರುತ್ತಿದ್ದಳು.

ಆ ನೀರಿನ ರುಚಿ ಏನು ಹೇಳಲಿ. ಅವ್ವನ ತವರು ಮಾನ್ವಿ ಕಡೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ನಮ್ಮೂರಲ್ಲಿ ಹಿಡಿಸಿದ್ದು ಈ ನೀರು ಒಂದೇ ಎಂದು ಅವಳೇ ನಗುತ್ತಿದ್ದಳು. ತೊಗರಿ ಬೇಳೆ ಒಂದು ಕುದಿಗೆ ಬೆಣ್ಣೆಯಾಗುತ್ತಿತ್ತು. ನೀರಮಾನ್ವಿಯ ಎಲ್ಲಮ್ಮನಿಗೆ ಹೋಗುವಾಗಲೂ ಆಯಿ ಒಂದು ತಂಬಿಗೆ ನೀರನ್ನು ಬಾಯಿಗೆ ಬಟ್ಟೆ ಕಟ್ಟಿ ಜೊತೆಗೆ ಒಯ್ಯುತ್ತಿದ್ದಳು. "ಬ್ಯಾರೇ ಊರಿನ ನೀರು ಕುಡದು ಜಡ್ಡು ಯಾಕ ತರಬೇಕು?" ಎನ್ನುತ್ತಿದ್ದಳು.

ಎಲ್ಲರಿಗೂ ಆ ಬಾವಿ ಇಳಿಯುವ ಅವಕಾಶ ಇರಲಿಲ್ಲ ಎಂಬುದನ್ನೂ ಹೇಳಬೇಕು. ಊರ ಹೊರಗಿನ ಕೇರಿಯವರು ಮೇಲೆ ಕೊಡ ಇಟ್ಟು ಕಾಯುತ್ತಿದ್ದರು. ಯಾರಾದರೂ ತಂದು ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಇಳಿಯಲು ಬಿಡದ ಬಾವಿ ಹುಳವನ್ನು ಮಾತ್ರ ಅವರಿಗೂ ಸಮನಾಗಿ ಹಂಚಿತ್ತು.

ಆಗಿನ ಕಾಲದ ರೋಗಗಳ ಕತೆ ನಮ್ಮ ಮನೆಯಲ್ಲಿ ಎಲ್ಲರ ಮೈಮೇಲೆಯೇ ಇತ್ತು. ಆಯಿಯ ಮುಖದ ತುಂಬ ಸಿಡುಬಿನ ಕುಣಿ. ಅಪ್ಪ ಅವ್ವರ ತೋಳಿನ ಮೇಲೆ ಸಿಡುಬು ಬಾರದಿರಲೆಂದು ಹಾಕಿದ ದುಂಡನೆಯ ಅಚ್ಚು, ನನ್ನ ತೋಳಿನ ಮೇಲೂ ಅದೇ. ನನ್ನ ಮಗಳು ಹುಟ್ಟುವ ಹೊತ್ತಿಗೆ ಆ ಅಚ್ಚಿನ ಅಗತ್ಯವೇ ಉಳಿದಿರಲಿಲ್ಲ. ನಿಜಾಮರ ಕಾಲದಲ್ಲಿ ಪ್ಲೇಗು ಬಂದಾಗ ಊರೆಲ್ಲ ಮನೆ ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಂಡಿದ್ದನ್ನು ಆಯಿ ತನ್ನ ಅತ್ತೆಯ ಬಾಯಿಂದ ಕೇಳಿದ್ದಳು. ನನ್ನ ಕಾಲಕ್ಕೆ ಮಲೇರಿಯಾದವರು ಬರುತ್ತಿದ್ದರು. ಗೋಡೆಗೆಲ್ಲ ಔಷಧ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಅವರು ಊರು ದಾಟುವುದೇ ತಡ, ಆಯಿ ವಾಸನೆ ತಾಳಲಾರದೆ ಗೋಡೆಗೆಲ್ಲ ಸಗಣಿ, ಕೆಮ್ಮಣ್ಣು ಸಾರಿಸಿಬಿಡುತ್ತಿದ್ದಳು. ಬಾಗಿಲ ತಾರೀಖಿಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. "ಅದು ಸರಕಾರದ ಅಕ್ಷರ, ಅಳಸಬಾರದು" ಎನ್ನುತ್ತಿದ್ದಳು. ಔಷಧ ಹೋಗಿ ಅಕ್ಷರ ಉಳಿಯುತ್ತಿತ್ತು.

ಮಲೇರಿಯಾದವರ ಹಿಂದೆಯೇ ನಾರುಹುಣ್ಣಿನ ಇನ್ಸ್‌ಪೆಕ್ಟರ್ ಬರತೊಡಗಿದರು. ರಾಯಚೂರಿನವರು. ಮನೆಯಲ್ಲಿ ದಖನಿ ಮಾತು, ನಮ್ಮೊಂದಿಗೆ ನಮ್ಮದೇ ಕನ್ನಡ. ಸೈಕಲ್ಲಿನ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ. ಊರವರಿಗೆಲ್ಲ ಅವರು ಸಾಹೇಬರು. ಅವರು ಮೊದಲು ತಂದದ್ದು ನೀರು ಸೋಸುವ ಬಿಳಿ ಬಟ್ಟೆ. ಮನೆಗೊಂದು ಕೊಟ್ಟರು. ಸಣ್ಣ ನೇಯ್ಗೆಯ ಚೆಂದದ ಬಟ್ಟೆ. ಅಷ್ಟು ಚೆಂದದ್ದನ್ನು ಕೊಡದ ಬಾಯಿಗೆ ಕಟ್ಟಿ ತೋಯಿಸಲು ಯಾರಿಗೂ ಮನಸ್ಸಾಗಲಿಲ್ಲ. ಅವ್ವ ಅದನ್ನು ರೊಟ್ಟಿ ಬುಟ್ಟಿಗೆ ಮುಚ್ಚಿದಳು. ಮುಂದಿನ ಸಲ ಬಂದ ಸಾಹೇಬರು ಬುಟ್ಟಿ ನೋಡಿದರು, ಅವ್ವನನ್ನು ನೋಡಿದರು.

"ರೊಟ್ಟಿಗೂ ನಾರು ಹತ್ತತದೇನ್ರೀ ಅಕ್ಕಾರ?"

ಅವ್ವ ನಾಚಿ ಬಟ್ಟೆ ತೆಗೆದಳು. ಅವರು ಹೋದ ಮೇಲೆ ಮತ್ತೆ ಮುಚ್ಚಿದಳು.

ಅಪ್ಪನಿಗೆ ನಾರುಹುಣ್ಣಾದ ವರ್ಷವೇ ಇವೆಲ್ಲ ಒಂದು ತುದಿಗೆ ಬಂದದ್ದು. ಬೇಸಿಗೆ ಮುಗಿಯುತ್ತ ಬಂದಿತ್ತು. ಅಪ್ಪನ ಪಾದದ ಗಂಟಿನ ಹತ್ತಿರ ಬೊಬ್ಬೆ ಎದ್ದಿತು. ನಾಲ್ಕು ಮಂದಿ ಎತ್ತುವ ಕಲ್ಲನ್ನು ಒಬ್ಬನೇ ಹೊರಳಿಸುವ ಮನುಷ್ಯ ಪಡಸಾಲೆಯಲ್ಲಿ ಹಲ್ಲು ಕಚ್ಚಿ ಕೂತಿರುತ್ತಿದ್ದ. ಅವ್ವ ಎಣ್ಣೆ ಹಚ್ಚುವಳು, ಉಳ್ಳಾಗಡ್ಡಿ ಬೇಯಿಸಿ ಕಟ್ಟುವಳು. ಏನು ಕಟ್ಟಿದರೂ ಉರಿ ಉರಿಯೇ. ಸಂಜೆಯಾದರೆ ಆಯಿ, "ಏಳು, ನಿಮ್ಮಪ್ಪನ ಕಲ್ಲಿಗೆ ಹೋಗೂಣು" ಎಂದು ಮಗನನ್ನು ಎಬ್ಬಿಸುವಳು. ನಾನು ಸಿಂಬಿ, ಕೊಡ ಹಿಡಿದು ಹಿಂದೆ. ನೀರಿಗೆ ಕಾಲು ಬಿಟ್ಟ ಕೂಡಲೇ ಅಪ್ಪನ ಹೆಗಲು ಸಡಿಲಾಗುತ್ತಿತ್ತು. ಆಯಿ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದಳು, ಗಂಡನ ಬೆನ್ನು ಸವರಿದ ಹಾಗೆ.

ಅದೇ ಹೊತ್ತಿನಲ್ಲಿ ಸಾಹೇಬರು ಒಂದು ದಿನ ಬಾವಿಕಟ್ಟೆಯ ಬೇವಿನ ಗಿಡದ ಕೆಳಗೆ ಊರವರನ್ನು ಕೂಡಿಸಿದರು. ಗಾಜಿನ ಬಾಟಲಿಯಲ್ಲಿ ಬಾವಿಯ ನೀರು ತುಂಬಿ ಬಿಸಿಲಿಗೆ ಹಿಡಿದರು. ಒಬ್ಬೊಬ್ಬರೇ ಬಂದು ಕಣ್ಣು ಕಿರಿದು ಮಾಡಿ ನೋಡಿದರು. ನೀರಿನಲ್ಲಿ ಧೂಳಿನ ಕಣದಂಥವು ಪುಟುಪುಟು ಜಿಗಿಯುತ್ತಿದ್ದವು.

"ಏನ ಅದ ಇದರಾಗ? ನನಗೇನೂ ಕಾಣವಲ್ದು" ಎಂದಳು ಆಯಿ.

"ನಿನಗ ಮುಂದ ನಿಂತ ಎಮ್ಮಿನ ಕಾಣಂಗಿಲ್ಲ, ಹುಳ ಏನ್ ಕಂಡೀತಬೇ" ಎಂದಳು ಪಕ್ಕದ ಮನೆಯ ಮುದುಕಿ. ಎಲ್ಲರೂ ನಕ್ಕರು.

ಸಾಹೇಬರು ನಗಲಿಲ್ಲ. ನಿಧಾನಕ್ಕೆ ಹೇಳಿದರು. "ನಾರುಹುಣ್ಣಿನ ಕಾಲು ನೀರಾಗ ಇಟ್ಟಾಗ ಒಳಗಿನ ಹುಳ ಮರಿ ಬಿಡ್ತದ್ರಿ. ಆ ಮರಿನ್ನ ಈ ಸಣ್ಣ ಹುಳ ನುಂಗ್ತಾವ. ಈ ಹುಳ ಇದ್ದ ನೀರು ನಾವು ಕುಡೀತೀವಿ. ಬರೋ ವರ್ಷ ಇಷ್ಟೊತ್ತಿಗೆ ನಮ್ಮ ಕಾಲಾಗ ನಾರು. ಉರಿ ತಣಸ್ಲಿಕ್ಕೆ ಅಂತ ಕಾಲು ಇಡ್ತೀವಲ್ಲ, ಅಲ್ಲೇ ಅದ ಎಲ್ಲಾದರ ಬೇರು."

ಅವರಿಗೆ ಆ ಕಲ್ಲಿನ ಕತೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು. ಎಲ್ಲರ ಮುಖವೂ ಮೆಲ್ಲಗೆ ಆಯಿಯ ಕಡೆ ತಿರುಗಿತು. ಆಯಿ ಎದ್ದು ನಿಂತಳು. ಸಿಡುಬಿನ ಕುಣಿಯ ಮುಖ ಕೆಂಪಾಗಿತ್ತು.

"ಅಂದ್ರ, ನನ್ನ ಗಂಡ ಊರಿಗೆ ವಿಷ ಹಾಕ್ಯಾನ ಅಂತೀ ಏನೋ ಸಾಹೇಬಾ?"

"ಅರೆ, ನಾ ಹಂಗಂದೆನೇನ್ರೀ ಅಮ್ಮಾ?"

"ಮತ್ತ ಹ್ಯಾಂಗಂದಿ? ಮಂದಿ ಕಾಲು ತಣ್ಣಗ ಮಾಡಿದ ಕಲ್ಲು ಅದು. ನೀ ಬಾಟಲಿ ತಗೊಂಡು ಬಂದಿ. ನನ್ನ ಗಂಡ ಬೆನ್ನು ಮುರಕೊಂಡು ಆ ಕಲ್ಲು ತಂದಾನ."

ಖಾಲಿ ಕೊಡ ಬಗಲಲ್ಲಿಟ್ಟುಕೊಂಡು ಮನೆಗೆ ಬಂದುಬಿಟ್ಟಳು. ಅವತ್ತು ಊಟ ಮಾಡಲಿಲ್ಲ.

ಊರಲ್ಲಿ ಆಗಲೇ ಬೋರಿಂಗ್ ಬಂದಿತ್ತು. ಕೈಯಿಂದ ಒತ್ತಿ ನೀರೆತ್ತುವ ಪಂಪು. ಆದರೆ ಆ ನೀರು ಉಪ್ಪು. ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಹೀಗಾಗಿ ಪ್ರತಿ ಮನೆಯಲ್ಲೂ ಎರಡು ಕೊಡ. ಬಳಸಲು ಬೋರಿಂಗಿನದು, ಬೇಳೆಗೆ ಬಾವಿಯದು. ಬೇಳೆಗೆಂದು ತಂದ ಕೊಡದಿಂದಲೇ ಬಿಸಿಲಲ್ಲಿ ಬಂದವರು ಒಂದು ತಂಬಿಗೆ ಕುಡಿಯುತ್ತಿದ್ದರು. ಮಜ್ಜಿಗೆಗೂ ಅದೇ, ಬಂದ ಬೀಗರಿಗೂ ಬೆಲ್ಲದ ಜೊತೆ ಅದೇ. ಸಿಹಿ ನೀರು ಮನೆಯಲ್ಲಿಟ್ಟುಕೊಂಡು ಬೀಗರಿಗೆ ಉಪ್ಪು ನೀರು ಕೊಡುವುದು ಹೇಗೆ?

ಕೊನೆಗೆ ಊರ ಹಿರಿಯರು ಒಪ್ಪಿದರು. ಪಾವಟಿಗೆ ಮುಚ್ಚುವುದು, ಸುತ್ತ ಕಟ್ಟೆ ಕಟ್ಟಿ ಹಗ್ಗ, ಗಾಲಿ ಹಾಕಿ ಮೇಲಿಂದಲೇ ಸೇದುವುದು. ಹಾಗಾದರೆ ಯಾರ ಕಾಲೂ ನೀರಿಗೆ ಮುಟ್ಟುವುದಿಲ್ಲ. ಎಲ್ಲ ಸರಿ, ಆದರೆ ಆ ಕಲ್ಲುಗಳಿಗೆ ಕೈ ಹಚ್ಚುವವರು ಯಾರು? ಸುತ್ತಲಿನ ಗೌಂಡಿಗಳೆಲ್ಲ ಮುತ್ಯಾನ ಕೈಕೆಳಗೆ ಕಲಿತವರು. ಮಗ ಇರುವಾಗ ನಾವು ಮುಟ್ಟೆವು ಎಂದರು. ಮಗ, ಅಂದರೆ ನಮ್ಮಪ್ಪ, ಹೊರಸಿನ ಮೇಲಿಂದಲೇ ಹೇಳಿದ.

"ಯವ್ವ ಹೂಂ ಅನ್ನೂತನಕ ನಾ ಕಲ್ಲು ಎಬ್ಬಿಸೋ ಹಾರಿ ಮುಟ್ಟಂಗಿಲ್ಲ."

ಆಯಿ ಹೂಂ ಅನ್ನಲಿಲ್ಲ. ಅಷ್ಟೇ ಅಲ್ಲ, ದಿನಾ ಬೆಳಿಗ್ಗೆ ರೊಟ್ಟಿ ತಿಂದು ಹೋಗಿ ಆ ಕಲ್ಲಿನ ಮೇಲೆ ಕೂಡತೊಡಗಿದಳು. ಪಕ್ಕದ ಮನೆಯ ಮುದುಕಿ ಮೇಲಿಂದ ಬಗ್ಗಿ ಕೂಗುತ್ತಿದ್ದಳು, "ಏನಬೇ, ಬಾವಿಗೆ ಕಾವಲ ಕುಂತೀ ಏನು? ಸರಕಾರದವ್ರು ಪಗಾರ ಕೊಡ್ತಾರಂತೇನು?" ಅವ್ವ ಅಪ್ಪನಿಗೆ ಪಿಸುಮಾತಲ್ಲಿ, "ಮ್ವಾಡ ಕಟ್ಟಾಕತ್ತದ. ಬಾವಿಗೆ ನೀರೇರಿದ್ರ ಕಲ್ಲು ಮುಳಗ್ತದ. ಮತ್ತ ಬರೋ ಬ್ಯಾಸಿಗಿತನಕ ಕೈಲಾಗಂಗಿಲ್ಲ. ಒಂದ ವರ್ಷ ಅಂದ್ರ ಎಷ್ಟ ಕಾಲು?" ಎನ್ನುತ್ತಿದ್ದಳು. ಅಪ್ಪನಿಗೂ ಅದು ಗೊತ್ತಿತ್ತು. ಅಷ್ಟರಲ್ಲಿ ಅವನ ಹುಳ ಪೂರ್ತಿ ಬಂದು, ಗಾಯ ಮಾಯುತ್ತಿತ್ತು. ಕುಂಟುತ್ತ ಹೋಗಿ ಮೋಡ ನೋಡುವನು, ತಾಯಿಯ ಮುಖ ನೋಡುವನು, ಮತ್ತೆ ಒಳಗೆ ಬರುವನು.

ಒಂದು ಮಧ್ಯಾಹ್ನ ನಾನು ಆಯಿಗೆ ಬುತ್ತಿ ಒಯ್ದಿದ್ದೆ. ಅವಳು ಕಾಲು ಮಡಚಿ, ನೀರಿಗೆ ತಾಗದ ಹಾಗೆ ಕೂತಿದ್ದಳು. ಅದನ್ನು ನೋಡಿ ನನಗೆ ಸೋಜಿಗವಾಯಿತು. ದಿನಾ ಆ ನೀರಲ್ಲಿ ಕಾಲು ಇಳಿಬಿಟ್ಟೇ ಕೂಡುವವಳು. ನಾನು ಪಕ್ಕದಲ್ಲಿ ಕೂತೆ. ಆಯಿ ನೀರನ್ನೇ ನೋಡುತ್ತ ಮಾತಾಡಿದಳು.

"ಹ್ವಾದ ಬ್ಯಾಸಿಗ್ಯಾಗ ಆ ಕುರಿ ಕಾಯಂವ ಬಂದಿದ್ನಲ್ಲ, ನೆನಪದೇನು? ಇಲ್ಲೇ ಕುಂತಿದ್ದ. ಎರಡೂ ಕಾಲಿಗೆ ನಾರು. ಅಳಾಕತ್ತಿದ್ದ, ಗಂಡಮಗ. ನಾನ ಕೈ ಹಿಡದು ಇಳಿಸ್ದೆ."

"ಹೂಂ."

"ಆತನ ಬಾಜೂಕ ಬಗ್ಗಿ ಕೊಡ ತುಂಬ್ದೆ. ಆ ಕೊಡ ಮನಿಗೆ ಒಯ್ದೆ. ನಿಮ್ಮಪ್ಪ ಕೆಲಸಾ ಮುಗಿಸಿ ಬಂದ. ನೀರಡಿಸಿದ್ದ. ನಾನ ತಂಬಿಗಿ ತುಂಬಿ ಕೊಟ್ಟೆ."

ಆಯಿ ಬುತ್ತಿಯನ್ನು ಬಿಚ್ಚಲಿಲ್ಲ. ಎದ್ದು ಕೊಡ ತೆಗೆದುಕೊಂಡಳು. ತುಂಬಲಿಲ್ಲ. ಖಾಲಿ ಕೊಡ ಹಿಡಿದು, ಒಂದೊಂದೇ ಪಾವಟಿಗೆ ಹತ್ತಿ ಮೇಲೆ ಬಂದಳು. ನಾನು ಕಂಡ ಹಾಗೆ ಆಯಿ ಆ ಬಾವಿಯಿಂದ ಬರಿಗೊಡ ತಂದದ್ದು ಎರಡೇ ಸಲ. ಮೊದಲನೆಯದು ಸಿಟ್ಟಿನಲ್ಲಿ, ಎರಡನೆಯದು ಇದು.

ಸಾಹೇಬರು ಬಂದಾಗ ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅಪ್ಪ ಹೊರಸಿನ ಮೇಲೆ. ಅವ್ವ ಚಹಾ ಕೊಟ್ಟಳು. ಯಾರೂ ಬಾವಿಯ ಮಾತೆತ್ತಲಿಲ್ಲ. ಆಯಿಯೇ ಎತ್ತಿದಳು.

"ಸಾಹೇಬಾ, ಪಾವಟಿಗಿ ಮುಚ್ಚು. ನಾ ಬ್ಯಾಡ ಅನ್ನಂಗಿಲ್ಲ. ಆದರ ಒಂದ ಮಾತು ಹೇಳು. ನಾಳೆ ಉರಿಯೋ ಕಾಲು ತಗೊಂಡು ಯಾರರ ನನ್ನ ಬಾಗಿಲಿಗೆ ಬಂದ್ರ ನಾ ಏನ ಹೇಳ್ಲಿ? ಬಾವಿ ಮುಚ್ಚೇದ, ಹೋಗು ಅನ್ನಲೇನು?"

ಸಾಹೇಬರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ಹೋಗು ಅನಬ್ಯಾಡ್ರಿ ಅಮ್ಮಾ. ನೀರು ಸೇದಿ ತರ್ರಿ, ಬಕೀಟ್ನ್ಯಾಗ ಹಾಕ್ರಿ, ಅದರಾಗ ಕಾಲು ಇಡಸ್ರಿ. ಆಮ್ಯಾಲ ಆ ನೀರು ಒಣ ನೆಲದ ಮ್ಯಾಲ ಚೆಲ್ಲ್ರಿ. ಹುಳ ಬಿಸಿಲಿಗೆ ಸಾಯ್ತದ. ನೀರು ಕಾಲಿನ ಹತ್ರ ಬರ್ಲಿ. ಕಾಲು ಬಾವಿ ಹತ್ರ ಹೋಗೂದು ಬ್ಯಾಡ, ಅಷ್ಟ."

"ಬಕೀಟ್ನ್ಯಾಗ?" ಆಯಿಗೆ ಅದು ಹಿಡಿಸಲಿಲ್ಲ. "ಅವ್ರು ಮಂದಿ ಯಪ್ಪಾ, ಒಗಿಯೋ ಅರಿವಿ ಅಲ್ಲ, ಬಕೀಟ್ನ್ಯಾಗ ನೆನೀ ಹಾಕಾಕ."

ಎಲ್ಲರೂ ನಗಬೇಕೋ ಬೇಡವೋ ತಿಳಿಯದೆ ಕೂತಿದ್ದಾಗ ಅಪ್ಪ ಹೊರಸಿನಿಂದ ಕಾಲು ಕೆಳಗಿಳಿಸಿದ.

"ಯವ್ವಾ, ಅಪ್ಪನ ಕಲ್ಲು ನಾ ಒಡಿಯಂಗಿಲ್ಲ, ಹೂಳಂಗೂ ಇಲ್ಲ. ಮ್ಯಾಲ ತರ್ತೀನಿ. ನಡುವ ಕಡದು ದೋಣಿ ಮಾಡ್ತೀನಿ, ದನಕ್ಕ ನೀರು ಕುಡಿಸೋ ದೋಣಿ ಇರ್ತದಲ್ಲ, ಹಂತಾದ್ದು, ಎರಡು ಕಾಲು ಹಿಡಿಯೋವಷ್ಟು. ಬೇವಿನ ಗಿಡದ ಕೆಳಗ ಇಡೂಣು. ನೀ ಅಲ್ಲೇ ಕುಂದ್ರಸು, ಅಲ್ಲೇ ನೀರು ಹಾಕು."

ಆಯಿ ಮಗನನ್ನು ನೋಡಿದಳು. ಬಹಳ ದಿನದ ಮೇಲೆ ಅವಳ ಮುಖ ಸಡಿಲಾಯಿತು.

"ನಿನ್ನ ಕಾಲಿನ ಅಳತಿ ಹಿಡೀಬ್ಯಾಡ. ಎಲ್ಲಾರ ಕಾಲೂ ನಿನ್ನಂಗ ಸಣ್ಣವಿಲ್ಲ. ನಿಮ್ಮಪ್ಪನ ಕಾಲು ಹಿಡಿಯೋ ಹಂಗ ಮಾಡು."

ಅದೇ ಅವಳ ಹೂಂ.

ಕಲ್ಲು ಎತ್ತಿದ ದಿನ ಊರೇ ಬಾವಿಯ ಮೇಲಿತ್ತು. ದಪ್ಪ ಹಗ್ಗ, ಅಡ್ಡ ತೊಲೆಗಳು. ಅಪ್ಪ ಕೆಳಗಿಳಿದು ಹಾರಿ ಹಾಕಿ ಕಲ್ಲನ್ನು ಸಡಿಲಿಸಿದ. ಮೇಲೆ ಹಗ್ಗ ಎಳೆಯಲು ಕೈ ಸಾಲಲಿಲ್ಲ. ಯಾವತ್ತೂ ಮೇಲೆ ಕೊಡ ಇಟ್ಟು ಕಾಯುತ್ತಿದ್ದ ಕೇರಿಯ ಗಂಡಸರನ್ನೂ ಕೂಗಿದರು. ಅವರೂ ಹಗ್ಗ ಹಿಡಿದರು. ಹಗ್ಗಕ್ಕೆ ಕೈ ಹಚ್ಚಲು ಕರೆದವರು ಮುಂದೆ ಗಾಲಿಯ ಹಗ್ಗಕ್ಕೆ ಕೈ ಹಚ್ಚಬೇಡಿ ಎನ್ನಲು ನೋಡಿದರು. ಅದಕ್ಕೆ ದೊಡ್ಡ ಜಗಳವೇ ಆಯಿತು. ಅದು ತೀರಲು ಇನ್ನೂ ಕೆಲವು ವರ್ಷ ಹಿಡಿಯಿತು. ಆದರೆ ಆವತ್ತು ಎಲ್ಲರ ಕೈಯಿಂದ ಮುತ್ಯಾನ ಕಲ್ಲು ನೀರು ಸುರಿಸುತ್ತ ಮೇಲೆ ಬಂತು. ಅಡಿಯಲ್ಲಿ ಪಾಚಿ. ಆಯಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಳು.

ಅಪ್ಪ ಬೇವಿನ ಗಿಡದ ಕೆಳಗೆ ಕೂತು ಕಲ್ಲು ಕಡೆದ. ಕಾಲು ನೋಯುತ್ತಿದ್ದರೂ ಯಾರಿಗೂ ಉಳಿ ಕೊಡಲಿಲ್ಲ. ನಡುವೆ ಎರಡು ಪಾದ ಇಳಿಯುವಷ್ಟು ಕುಣಿ, ಒಂದು ಮಗ್ಗುಲಿಗೆ ನೀರು ಹೋಗಲು ಸಣ್ಣ ಕಾಲುವೆ. ಆ ಕಾಲುವೆ ಬಾವಿಯ ಕಡೆಗಲ್ಲ, ಅದರ ಎದುರು ದಿಕ್ಕಿನ ಒಣ ನೆಲಕ್ಕೆ. ಉಳಿಯ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಆಯಿ ಆಗಾಗ ಬಂದು ತನ್ನ ಪಾದ ಇಟ್ಟು ನೋಡಿ, "ಇನ್ನೊಂದಿಷ್ಟು ತಗಿ" ಎಂದು ಹೋಗುವಳು. ಮಳೆ ಬರುವ ಮೊದಲೇ ಪಾವಟಿಗೆ ಮುಚ್ಚಿ, ಸುತ್ತ ಕಟ್ಟೆ ಎದ್ದು, ಗಾಲಿ ಕಿರ್ರೆ‌ನ್ನತೊಡಗಿತು.

ಆ ಬೇಸಿಗೆಯ ಉಳಿದ ನಾರುಹುಣ್ಣಿನವರೆಲ್ಲ ಬೇವಿನ ಕೆಳಗಿನ ಕಲ್ಲಿಗೆ ಬಂದರು. ಆಯಿ ಸೇದಿದ ನೀರು ಹಾಕಿ ಅದೇ ಮಾತು ಕೇಳುತ್ತಿದ್ದಳು, "ತಣ್ಣಗಾತೇನು?" ಅವರು ಎದ್ದು ಹೋದ ಮೇಲೆ ಒಂದು ಚಿಂದಿ ಸುತ್ತಿ ಮುಚ್ಚಿದ್ದ ಕಾಲುವೆಯ ಬಾಯಿ ಬಿಚ್ಚಿ, ನೀರು ಒಣ ಮಣ್ಣಿಗೆ ಇಂಗುವತನಕ ನಿಂತು ನೋಡುತ್ತಿದ್ದಳು. ಅವ್ವನೂ ರೊಟ್ಟಿ ಬುಟ್ಟಿಯ ಬಟ್ಟೆ ತೆಗೆದು ಕೊಡದ ಬಾಯಿಗೆ ಕಟ್ಟಿದಳು. ಮರುವರ್ಷ ಕಲ್ಲಿಗೆ ಬಂದವರು ಕಡಿಮೆ. ಅದರ ಮುಂದಿನ ವರ್ಷ ಇನ್ನೂ ಕಡಿಮೆ.

ಕೊನೆಯವಳು ಗೂಗಲ್ ಕಡೆಯ ಒಬ್ಬ ಹೆಣ್ಣುಮಗಳು. ಅಣ್ಣನ ಬಂಡಿಯಲ್ಲಿ ಬಂದಿದ್ದಳು. ಕೈ ತುಂಬ ಬಳೆ, ಕಂಕುಳಲ್ಲಿ ಕೂಸು. ಆಯಿ ಕೂಸನ್ನು ನನ್ನ ಕೈಗೆ ಕೊಟ್ಟು ಅವಳ ಪಾದ ನೀರಿಗೆ ಇಳಿಸಿದಳು. ಸಂಜೆಯತನಕ ಕೂತು, ಬೆಲ್ಲ ತಿಂದು, ರೊಟ್ಟಿ ಕಟ್ಟಿಸಿಕೊಂಡು ಹೋದಳು. ಅವಳೇ ಕೊನೆಯವಳು ಎಂದು ಆಯಿಗೂ ಗೊತ್ತಿರಲಿಲ್ಲ, ನಮಗೂ ಇಲ್ಲ. ರೋಗ ಬರುವಾಗ ಊರಿಗೆಲ್ಲ ಗೊತ್ತಾಗುತ್ತದೆ. ಹೋಗುವಾಗ ಯಾರಿಗೂ ಹೇಳಿ ಹೋಗುವುದಿಲ್ಲ.

ಆಮೇಲಿನ ಬೇಸಿಗೆಗಳಲ್ಲಿ ಆಯಿ ದಿನಾ ಬೆಳಿಗ್ಗೆ ಕಲ್ಲು ತೊಳೆದು ನೀರು ತುಂಬಿ ಕೂಡುತ್ತಿದ್ದಳು. ಗುಬ್ಬಿ ಬಂದು ಕುಡಿದು ಹೋಗುತ್ತಿದ್ದವು. ಸಂಜೆ ಮನೆಗೆ ಬಂದು, "ಇವತ್ತೂ ಯಾರೂ ಬರಲಿಲ್ಲ" ಎನ್ನುತ್ತಿದ್ದಳು. ದೂರು ಹೇಳಿದ ಹಾಗಿರುತ್ತಿತ್ತು.

"ಬರದಿದ್ರ ಚಲೋ ಅಲ್ಲೇನಬೇ?" ಎಂದಳು ಪಕ್ಕದ ಮನೆಯ ಮುದುಕಿ ಒಮ್ಮೆ.

"ಚಲೋನ. ಯಾರ ಬ್ಯಾಡ ಅಂದ್ರು? ಆದರ ಈ ಕೈಗೆ ಕೆಲಸಿಲ್ಲಂಗಾತು ನೋಡು."

ಸಾಹೇಬರು ಮಾತ್ರ ಬರುತ್ತಿದ್ದರು. ತಲೆ ಬೆಳ್ಳಗಾಗಿತ್ತು, ಸೈಕಲ್ಲು ಹೋಗಿ ಮೋಟರ್ ಸೈಕಲ್ಲು ಬಂದಿತ್ತು. "ನಾರು ಅದೇನ್ರೀ ಅಮ್ಮಾ ಊರಾಗ?" ಎಂದು ಕೇಳುವರು. "ಇಲ್ಲಪ್ಪ, ನಿನ್ನ ಬಾಟಲಿಯಾಗ ಅದೇನು ನೋಡು" ಎನ್ನುವಳು ಆಯಿ. ಇಬ್ಬರೂ ಆ ಕಲ್ಲಿನ ಅಂಚಿನ ಮೇಲೆ ಕೂತು ಚಹಾ ಕುಡಿಯುವರು. ಅವಳು ತೀರಿಕೊಂಡಾಗ ಅವರು ರಾಯಚೂರಿನಿಂದ ಬಂದಿದ್ದರು. ಮಣ್ಣು ಕೊಟ್ಟು ತಿರುಗಿ ಹೋಗುವಾಗ ಕಲ್ಲಿನ ಹತ್ತಿರ ನಿಂತು, ಬಗ್ಗಿ, ಒಳಗೆ ಬಿದ್ದ ಬೇವಿನ ಎಲೆ ತೆಗೆದು ಹೋದರು.

ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅಪ್ಪನಿಗೆ ಊರ ನೆನಪು ಜೋರಾಯಿತು. ಒಂದು ರವಿವಾರ ಕರೆದುಕೊಂಡು ಹೋದೆ. ಬಾವಿಗೆ ಈಗ ಕಬ್ಬಿಣದ ಜಾಳಿಗೆ ಹೊದಿಸಿದ್ದಾರೆ. ಆ ನೀರು ಯಾರೂ ಸೇದುವುದಿಲ್ಲ. ಪಕ್ಕದಲ್ಲೇ ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ರಾಯಚೂರಿನಲ್ಲಿ ನಾವೂ ಅಂಥದ್ದೇ ಕುಡಿಯುವುದು. ಹೊಟ್ಟೆಗೆ ಒಳ್ಳೆಯದು, ನಾಲಿಗೆಗೆ ಏನೂ ಹೇಳುವುದಿಲ್ಲ. ಬೇವಿನ ಗಿಡ ದೊಡ್ಡದಾಗಿದೆ. ಅದರ ಕೆಳಗೆ ಕಲ್ಲು ಇದ್ದ ಹಾಗೇ ಇದೆ, ಕುಣಿಯ ತುಂಬ ನೀರು.

ಅಪ್ಪ ಅದರ ಅಂಚಿಗೆ ಕೂತ. ಚಪ್ಪಲಿ ಬಿಟ್ಟು, ಧೋತರ ಎತ್ತಿ, ಎರಡೂ ಕಾಲು ನೀರಿಗಿಳಿಸಿದ. ಕಲೆಯ ಮೇಲೆ ನೀರು ನಿಂತಿತು.

"ತಣ್ಣಗಾತೇನಪ್ಪಾ?" ಎಂದೆ.

ಅಪ್ಪ ಉತ್ತರ ಕೊಡುವ ಮೊದಲೇ ಕ್ಯಾನು ತುಂಬಲು ಬಂದಿದ್ದ ಒಬ್ಬ ಹುಡುಗಿ ಕೂಗಿದಳು. "ಯಜ್ಜಾ, ಅದರಾಗ ಕಾಲು ಇಡಬ್ಯಾಡ! ಅದು ನಮ್ಮ ಆಡಿಗೆ ನೀರು ಕುಡಿಸೋ ಕಲ್ಲು."

ನಾನು ಏನೋ ಹೇಳಲು ಬಾಯಿ ತೆರೆದೆ. ಅಪ್ಪ ಕೈ ಎತ್ತಿ ತಡೆದ. "ಹೌದವ್ವ, ಗೊತ್ತಾಗಲಿಲ್ಲ" ಎಂದು ಹುಡುಗಿಗೆ ಹೇಳಿ ಕಾಲು ಮೇಲೆ ತೆಗೆದ. ಹೆಗಲ ಟವೆಲಿನಿಂದ ಒರೆಸಿಕೊಂಡ. ಆಮೇಲೆ ಬಗ್ಗಿ ಕಾಲುವೆಯ ಬಾಯಿಯಲ್ಲಿದ್ದ ಚಿಂದಿ ಎಳೆದು, ನೀರೆಲ್ಲ ಒಣ ಮಣ್ಣಿಗೆ ಇಂಗುವತನಕ ನಿಂತು ನೋಡಿದ. ಆಡಿಗೆ ಬೇರೆ ನೀರು ಹಾಕೆಂದು ನನಗೆ ಕೈ ಮಾಡಿದ.